ಡಬ್ಬಿಯ ಮೇಲಿನ ಬಣ್ಣ

ಕೇಳುಗರಿಗೆ ನಮಸ್ಕಾರ.

ನಿಮ್ಮ ತೋಟದ ಗೋಡನ್‌ನಲ್ಲಿರುವ ಯಾವುದಾದರೂ ಕೀಟನಾಶಕದ ಡಬ್ಬಿ ತೆಗೆದು ನೋಡಿ. ಲೇಬಲ್ಲಿನಲ್ಲಿ ವಜ್ರದ ಆಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ತುಂಬಿರುತ್ತಾರೆ. ಕೆಂಪು, ಹಳದಿ, ನೀಲಿ, ಹಸಿರು, ಈ ನಾಲ್ಕರಲ್ಲಿ ಒಂದು. ಕೆಂಪು ಅಂದರೆ ಎಲ್ಲಕ್ಕಿಂತ ಘೋರ ವಿಷ, ಹಸಿರು ಅಂದರೆ ಎಲ್ಲಕ್ಕಿಂತ ಕಡಿಮೆ. ಇಷ್ಟು ನಮ್ಮ ತೋಟದ ಕೆಲಸ ನೋಡಿಕೊಳ್ಳುವ ರೈಟರುಗಳಿಗೂ ಮದ್ದು ಹೊಡೆಯುವವರಿಗೂ ಗೊತ್ತು. ಆ ಬಣ್ಣ ಯಾವುದು ಅಂತ ತೀರ್ಮಾನ ಮಾಡಿದ್ದು ಹೇಗೆ ಅನ್ನುವುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಪ್ರಾಣಿಗಳಿಗೆ ತಿನ್ನಿಸಿ ನೋಡಿದ್ದಾರೆ. ಸಾಮಾನ್ಯವಾಗಿ ಇಲಿಗಳಿಗೆ. ಒಂದು ಗುಂಪಿನಲ್ಲಿ ಅರ್ಧದಷ್ಟು ಇಲಿಗಳು ಸಾಯಲು ಎಷ್ಟು ವಿಷ ಬೇಕು ಅನ್ನುವುದೇ ಅಳತೆ. ಇಲಿಯ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ ಒಳಗೇ ಆ ಸಾವು ಬಂದರೆ ಕೆಂಪು. 51ರಿಂದ 500 ಆದರೆ ಹಳದಿ. 501ರಿಂದ 5000 ನೀಲಿ. ಅದಕ್ಕೂ ಮೇಲಾದರೆ ಹಸಿರು. ನಮ್ಮ ದೇಶದ 1971ರ ಕೀಟನಾಶಕ ನಿಯಮಗಳಲ್ಲಿ ಇರುವುದು ಇದೇ ಲೆಕ್ಕ.

ಈ ಅಳತೆಯನ್ನು 1927ರಲ್ಲಿ ತಂದವರು ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ. ಡಿಜಿಟಾಲಿಸ್, ಇನ್ಸುಲಿನ್‌ನಂಥ ಔಷಧಿಗಳ ಶಕ್ತಿ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಅದನ್ನು ಸರಿಯಾಗಿ ಅಳೆಯಲು ಅವರಿಗೆ ಒಂದು ದಾರಿ ಬೇಕಿತ್ತು. ಆಮೇಲೆ ಅದೇ ದಾರಿಯಲ್ಲಿ ಬಣ್ಣ, ಸೋಪು, ಕೀಟನಾಶಕ ಎಲ್ಲವೂ ಹೋದವು. ಒಂದೊಂದು ವಸ್ತುವಿಗೆ ಹತ್ತಾರು ಪ್ರಾಣಿಗಳು ಸತ್ತವು. ಹಳೆಯ ವಿಧಾನವನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯಿಂದ ತೆಗೆದುಹಾಕಿದ್ದು 2002ರಲ್ಲಿ. ಈಗ ತೀರಾ ಕಡಿಮೆ ಪ್ರಾಣಿಗಳಲ್ಲಿ ಅದೇ ಉತ್ತರ ಪಡೆಯುವ ವಿಧಾನಗಳಿವೆ.

ನಾನು ಪಶುವೈದ್ಯ. ವಿಷ ತಿಂದ ದನ ಹೇಗಿರುತ್ತದೆ ಅಂತ ಹತ್ತಿರದಿಂದ ಕಂಡಿದ್ದೇನೆ. ತೋಟದ ಅಂಚಿನಲ್ಲಿ, ಸಿಲ್ವರ್ ಮರದ ಬುಡದಲ್ಲಿ ಬಿದ್ದಿರುತ್ತದೆ. ಬಾಯಿಂದ ದಾರದಂತೆ ಜೊಲ್ಲು. ಭುಜದ ಚರ್ಮದ ಕೆಳಗೆ ಮಾಂಸಖಂಡ ಪಟಪಟ ಅದುರುತ್ತಿರುತ್ತದೆ. ಕಣ್ಣಿನ ಪಾಪೆ ಒಂದು ಗೆರೆಯಷ್ಟು ಕುಗ್ಗಿರುತ್ತದೆ. ಸತ್ತ ಮೇಲೆ ಹೊಟ್ಟೆ ಕುಯ್ದರೆ ಎಷ್ಟೋ ಸಲ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ. ಇವು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ಲಕ್ಷಣಗಳು. ಕಾಫಿ ಗಿಡದ ಕಾಂಡಕೊರಕ ಹುಳುವಿಗೆ ಬಳಸುವ ಕ್ಲೋರ್‌ಪೈರಿಫಾಸ್ ಇದೇ ಗುಂಪಿನದು. ಸರಿಯಾದ ಹೊತ್ತಿಗೆ ಅಟ್ರೋಪಿನ್ ಎಂಬ ಔಷಧಿ ಕೊಟ್ಟರೆ ದನ ಬದುಕಬಹುದು. ಪ್ರಯೋಗಾಲಯದ ಇಲಿಗೂ ಹೀಗೇ ಆಗಿರುತ್ತದೆ ಅಲ್ವಾ? ಅದನ್ನು ಉಳಿಸಲು ಮಾತ್ರ ಅಲ್ಲಿ ಯಾರೂ ಅಟ್ರೋಪಿನ್ ಹಿಡಿದು ನಿಂತಿರುವುದಿಲ್ಲ. ಆ ಬಣ್ಣಕ್ಕೆ ಬೆಲೆ ಕೊಟ್ಟಾಗಿದೆ. ನಾವು ಅದನ್ನು ಓದದೆ ಡಬ್ಬಿಯನ್ನು ಕೊಟ್ಟಿಗೆಯಲ್ಲಿ ಇಟ್ಟರೆ, ಖಾಲಿಯಾದ ಮೇಲೆ ತೊಳೆದು ಕೆಲಸದವರ ಲೈನ್ ಮನೆಯಲ್ಲಿ ನೀರಿಗೆ ಬಳಸಿದರೆ, ಆ ಜೀವಗಳೆಲ್ಲ ಸುಮ್ನೆ ಹೋದಂತೆ.

ಹಾಗಂತ ಇಲಿಯ ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ. ಕಳೆನಾಶಕ ಪ್ಯಾರಾಕ್ವಾಟ್ ಇಲಿಯ ಲೆಕ್ಕದಲ್ಲಿ ಹಳದಿ ಗುಂಪಿಗೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಧ್ಯಮ ಅಪಾಯದ ವರ್ಗದಲ್ಲಿ ಇಟ್ಟಿದೆ. ಆದರೆ ಮನುಷ್ಯನ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗುತ್ತಾ ಹೋಗುತ್ತದೆ. ಇನ್ನೊಂದು ಉದಾಹರಣೆ ನಮ್ಮ ಮನೆಯೊಳಗೇ ಇದೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಬೆಕ್ಕಿನ ಮೇಲೆ ಪರೀಕ್ಷಿಸಿ ತೀರ್ಮಾನ ಮಾಡಿದ್ದರೆ ಆ ಮಾತ್ರೆ ನಮಗೆ ಸಿಗುತ್ತಲೇ ಇರಲಿಲ್ಲ. ಪ್ರಾಣಿ ಪರೀಕ್ಷೆ ಬೇಡ ಅನ್ನುವವರು ಬರೀ ಮರುಕದಿಂದ ಮಾತಾಡುತ್ತಾರೆ ಅಂತ ತಿಳಿಯಬೇಡಿ. ವಿಜ್ಞಾನದ ಕಾರಣವೂ ಇದೆ.

ಅಪರಾಧ ಪತ್ತೆಗೆ ನೆರವಾಗುವ ವಿಧಿವಿಜ್ಞಾನದ ಕಥೆಯೂ ಇದರೊಂದಿಗೆ ಹೆಣೆದುಕೊಂಡಿದೆ. ವಿಷಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ಒರ್ಫಿಲಾ 1814ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ನಾಯಿಗಳಿಗೆ ವಿಷ ಕೊಟ್ಟು ನೋಡುತ್ತಿದ್ದರು. ವಾಂತಿ ಮಾಡಬಾರದು ಅಂತ ಅನ್ನನಾಳವನ್ನೇ ಕಟ್ಟುತ್ತಿದ್ದರು. ಈಥರ್ ಅರಿವಳಿಕೆ ಲೋಕಕ್ಕೆ ಗೊತ್ತಾದದ್ದು 1846ರಲ್ಲಿ. ಅಂದರೆ ಆ ನಾಯಿಗಳಿಗೆ ಎಲ್ಲವೂ ತಿಳಿಯುತ್ತಿತ್ತು. ಆಮೇಲೂ ಬಹಳ ಕಾಲ ಉಮ್ಮತ್ತಿಯ ವಿಷವೇ ಅಂತ ಖಚಿತ ಮಾಡಲು, ಸತ್ತವರ ಹೊಟ್ಟೆಯಿಂದ ತೆಗೆದ ಸಾರವನ್ನು ಬೆಕ್ಕಿನ ಕಣ್ಣಿಗೆ ಬಿಡುತ್ತಿದ್ದರು. ಪಾಪೆ ಅಗಲವಾದರೆ ಹೌದು ಅಂತ. ಸ್ಟ್ರಿಕ್ನಿನ್ ಎಂಬ ವಿಷಕ್ಕಾದರೆ ಕಪ್ಪೆಯ ಮೇಲೆ ಪರೀಕ್ಷೆ. ಇವತ್ತು ಆ ಕೆಲಸವನ್ನು ಕ್ರೊಮಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೀಟರ್ ಯಂತ್ರಗಳು ಮಾಡುತ್ತವೆ. ಬೆಕ್ಕಿನ ಕಣ್ಣು ಹೇಳುತ್ತಿದ್ದುದಕ್ಕಿಂತ ಎಷ್ಟೋ ಪಾಲು ನಿಖರವಾಗಿ ವಿಷದ ಹೆಸರನ್ನೂ ಪ್ರಮಾಣವನ್ನೂ ಹೇಳುತ್ತವೆ.

ಆದರೆ ಯಂತ್ರಕ್ಕೆ ಸರಿಯಾದ ಮಾದರಿ ಹೋಗಬೇಕು. ಇಲ್ಲಿ ನಿಮ್ಮ ಸಹಾಯ ಬೇಕು. ದನ ಇದ್ದಕ್ಕಿದ್ದಂತೆ ಸತ್ತರೆ ಬೇಗ ಬೇಗ ಹೂಳಿಬಿಡಬೇಡಿ, ನಮಗೆ ಹೇಳಿ. ವಾಂತಿ, ಅರ್ಧ ತಿಂದ ಹುಲ್ಲು ಇದ್ದರೆ ಹಾಗೇ ಬಿಡಿ, ಕೊಟ್ಟಿಗೆ ತೊಳೆಯಬೇಡಿ. ಹೊಟ್ಟೆಯ ಪದಾರ್ಥ, ಲಿವರ್, ಕಿಡ್ನಿ, ಇವನ್ನು ಬೇರೆ ಬೇರೆ ಜಾಡಿಗೆ ಹಾಕುತ್ತೇವೆ. ಕೆಡದಂತೆ ಇಡಲು ಬಳಸುವುದು ಅಡುಗೆ ಉಪ್ಪು. ಇನ್ನು ಕರಗದು ಅನ್ನುವಷ್ಟು ಉಪ್ಪು ಹಾಕಿದ ನೀರು. ಫಾರ್ಮಲಿನ್ ಹಾಕಿದರೆ ಅಂಗಾಂಶ ಗಟ್ಟಿಯಾಗಿ ಅದರೊಳಗಿನ ವಿಷ ತೆಗೆಯುವುದು ಕಷ್ಟ. ಜಾಡಿಯನ್ನು ಪೂರ್ತಿ ತುಂಬಿಸುವುದಿಲ್ಲ, ಗ್ಯಾಸ್ ಕಟ್ಟಿ ಸಿಡಿಯಬಹುದು. ಉಪ್ಪಿನಲ್ಲೇ ಏನಾದರೂ ಬೆರೆತಿತ್ತೇ ಅನ್ನುವ ಪ್ರಶ್ನೆ ಬರಬಾರದೆಂದು ಆ ಉಪ್ಪು ನೀರಿನ ಮಾದರಿಯನ್ನೂ ಬೇರೆಯಾಗಿ ಕಳಿಸುತ್ತೇವೆ. ಮೊಹರು ಹಾಕಿ ಕೊಟ್ಟ ಮೇಲೆ ಕೋರ್ಟಿನಲ್ಲಿ ನಿಲ್ಲುವುದು ಈ ಜಾಡಿಗಳೇ.

ಕೋರ್ಟು ಅಂದೆ. ಹುಲಿ ದನವನ್ನು ಹಿಡಿದಾಗ, ಉಳಿದ ಹೆಣಕ್ಕೆ ಕೀಟನಾಶಕ ಸುರಿಯುವ ಕೆಲಸ ಕಾಡಂಚಿನಲ್ಲಿ ಆಗುವುದುಂಟು. ದನ ಕಳೆದುಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹಾಲು ಕರೆಯುವ ಹಸುವೊಂದು ಹೋದರೆ ಮನೆಯ ತಿಂಗಳ ಲೆಕ್ಕವೇ ತಪ್ಪುತ್ತದೆ. ಆದರೆ ಆ ವಿಷ ಹುಲಿಯನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ನರಿ ತಿನ್ನುತ್ತದೆ, ಕಾಗೆ ತಿನ್ನುತ್ತದೆ, ಪಕ್ಕದ ಮನೆಯ ನಾಯಿ ತಿನ್ನುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದು ಗಂಭೀರ ಅಪರಾಧ. ಹುಲಿ ಹಿಡಿದ ದನಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ, ಅದಕ್ಕೆ ಅರ್ಜಿ ಹಾಕಿ. ಪ್ರಯೋಗಾಲಯದಲ್ಲಿ ಇಲಿಗೆ ವಿಷ ಕೊಡಲು ಸಮಿತಿಯ ಅನುಮತಿ ಬೇಕು. ಕಾಡಂಚಿನಲ್ಲಿ ಯಾವ ಸಮಿತಿಯೂ ಇಲ್ಲ.

ಕಾನೂನು ನಿಧಾನವಾಗಿಯಾದರೂ ಮುಂದೆ ಬಂದಿದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಭಾರತದಲ್ಲಿ 2014ರಿಂದ ನಿಷಿದ್ಧ. 2023ರಲ್ಲಿ ಹೊಸ ಔಷಧಿಗಳ ನಿಯಮಕ್ಕೆ ತಿದ್ದುಪಡಿ ಬಂತು. ಪ್ರಾಣಿಯ ಬದಲು ಮನುಷ್ಯನ ಜೀವಕೋಶಗಳ ಮೇಲೆ ಪರೀಕ್ಷಿಸಿದ ಫಲಿತಾಂಶವನ್ನೂ ಈಗ ಒಪ್ಪಬಹುದು. ತುಟಿಯ ಬಣ್ಣಕ್ಕಾಗಿ ಮೊಲದ ಕಣ್ಣು ಉರಿಸಬೇಕಾಗಿಲ್ಲ. ಈ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ.

ಹಾವಿನ ಪ್ರತಿವಿಷದ ವಿಷಯ ಅಷ್ಟು ಸುಲಭವಾಗಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಪ್ರತಿವಿಷ ತೆಗೆಯುತ್ತಾರೆ. ಒಂದು ಮಿಲಿಲೀಟರ್ ಪ್ರತಿವಿಷ 0.6 ಮಿಲಿಗ್ರಾಂ ನಾಗರಹಾವಿನ ವಿಷವನ್ನು ತಡೆಯಬೇಕು ಅನ್ನುವುದು ನಿಯಮ. ಅದು ತಡೆಯುತ್ತದೆಯೇ ಅಂತ ನೋಡುವುದು ಸಣ್ಣ ಇಲಿಗಳ ಮೇಲೆ. ಇದನ್ನು ಇವತ್ತೇ ನಿಲ್ಲಿಸಿ ಅಂತ ನಾನು ಹೇಳಲಾರೆ. ಕಾಫಿ ಕುಯ್ಯುವಾಗ ಕಚ್ಚಿಸಿಕೊಂಡ ಹೆಂಗಸಿಗೆ ಬೇರೆ ದಾರಿ ಇಲ್ಲ. ವಿಷವನ್ನು ತಡೆಯುವ ಪ್ರತಿಕಾಯಗಳನ್ನು ಪ್ರಯೋಗಾಲಯದಲ್ಲೇ ತಯಾರಿಸುವ ಸಂಶೋಧನೆ ನಡೆಯುತ್ತಿದೆ. ಅದಕ್ಕೆ ಹಣವೂ ಒತ್ತಾಸೆಯೂ ಜಾಸ್ತಿ ಸಿಗಬೇಕು. ನಮ್ಮ ಕೊಡಗಿಗಂತೂ ಅದು ಇನ್ನೂ ಅಗತ್ಯ. ತರಗೆಲೆಯ ಬಣ್ಣದ, ಮೂತಿ ಮೇಲಕ್ಕೆ ಚೂಪಾಗಿರುವ ಸಣ್ಣ ಮಂಡಲದ ಹಾವು ನಮ್ಮ ತೋಟಗಳಲ್ಲಿದೆ. ಅದು ಕಚ್ಚಿದರೆ ಕೆಲವರಿಗೆ ಕಿಡ್ನಿಗೆ ಪೆಟ್ಟಾಗುತ್ತದೆ. ಆ ನಾಲ್ಕು ಹಾವುಗಳಿಗೆಂದು ಮಾಡಿದ ಪ್ರತಿವಿಷ ಈ ಹಾವಿಗೆ ಕೆಲಸ ಮಾಡುವುದಿಲ್ಲ. ಇದಕ್ಕೊಂದು ಪ್ರತಿವಿಷ ಮಾಡುವಾಗ ಕುದುರೆಯಿಂದಲೇ ಶುರು ಮಾಡಬೇಕೇ, ಹೊಸ ದಾರಿಯಲ್ಲೇ ಹೋಗಬಹುದೇ ಅಂತ ಸಂಶೋಧಕರನ್ನು ಈಗಲೇ ಕೇಳಬೇಕು.

ನಮಸ್ಕಾರ.