ದೇವರಿದ್ದಾನಾ ಅಂತ ಕೇಳೋದು ಪಾಪಾನಾ?

ಕೇಳುಗರೇ, ನಮಸ್ಕಾರ. ಇವತ್ತು ಕ್ರೈಸ್ತರು ದೇವರನ್ನ ನಂಬೋದರ ಬಗ್ಗೆ, ಆ ನಂಬಿಕೆಗೆ ಎದುರಾಗೋ ಪ್ರಶ್ನೆಗಳ ಬಗ್ಗೆ ಸ್ವಲ್ಪ ಮಾತಾಡೋಣ ಅಂತ. ನಾನು ನಂಬೋನೇ, ಅದನ್ನ ಮೊದಲೇ ಹೇಳ್ಬಿಡ್ತೀನಿ, ಅದನ್ನ ಮನಸಲ್ಲಿ ಇಟ್ಕೊಂಡೇ ಕೇಳಿ.

ಈಗ ಸಾಮಾನ್ಯವಾಗಿ ನಮ್ಮ ಜನ ಹೇಗೆ ಅಂದ್ಕೊಂಡಿರ್ತಾರೆ ಅಂದ್ರೆ, ಮೊದಲು ಎಲ್ಲರೂ ಸುಮ್ನೆ ನಂಬ್ಕೊಂಡಿದ್ರು, ಆಮೇಲೆ ಸೈನ್ಸ್ ಬಂತು, ನಾಸ್ತಿಕರು ಬಂದ್ರು, ಇಂಟರ್ನೆಟ್ ಬಂತು, ಹುಡುಗ್ರು ಹಾಳಾದ್ರು ಅಂತ. ಯಾರಾದ್ರೂ ಹದಿನೆಂಟು ವರ್ಷದ ಹುಡುಗ ಚರ್ಚಿನ ಸಭೇಲಿ ಎದ್ದು, ದೇವರು ಒಳ್ಳೆಯವನಾದ್ರೆ ಈ ಮಗು ಯಾಕೆ ಸತ್ತಿದ್ದು ಅಂತ ಕೇಳಿದ್ರೆ, ಪ್ರಶ್ನೆ ಮಾಡಬಾರ್ದಪ್ಪ, ಪ್ರಾರ್ಥನೆ ಮಾಡು ಅಂತ ಕೂರಿಸ್ತಾರೆ. ನನಗೆ ಇದು ತಪ್ಪು ಅನ್ನಿಸೋದು ಆ ಹುಡುಗನಿಗೆ ಬೇಜಾರಾಗುತ್ತೆ ಅಂತ ಮಾತ್ರ ಅಲ್ಲ. ಆ ಪ್ರಶ್ನೆ ಹೊರಗಿಂದ ಬಂದಿದ್ದೇ ಅಲ್ಲ, ಮೊದಲಿಂದಲೂ ಈ ಮನೆಯದ್ದೇ.

ಥಾಮಸ್ ಅಕ್ವಿನಾಸ್ ಹೆಸರು ಕೇಳಿರ್ತೀರಾ, 1274ರಲ್ಲಿ ತೀರ್ಕೊಂಡ ಸಂನ್ಯಾಸಿ, ಕಥೋಲಿಕ ಸಭೆ ಇವತ್ತಿಗೂ ತಲೆ ಮೇಲೆ ಹೊತ್ಕೊಂಡಿರೋ ಪಂಡಿತ. ದೇವರಿದ್ದಾನೆ ಅನ್ನೋದಕ್ಕೆ ಆತ ಕೊಟ್ಟ ಐದು ದಾರಿಗಳು, ಅಂದ್ರೆ ಐದು ವಾದಗಳು, ಬಹಳ ಫೇಮಸ್. ಆದ್ರೆ ಆ ಐದು ದಾರಿ ಶುರುವಾಗೋ ಮುಂಚೆ ಅದೇ ಪುಟದಲ್ಲಿ ಏನಿದೆ ಅಂತ ಹೆಚ್ಚು ಜನ ಹೇಳಲ್ಲ. ದೇವರು ಇಲ್ಲ ಅಂತಲೇ ಕಾಣುತ್ತೆ ಅಂತ ಬರೆದು, ಅದಕ್ಕೆ ಎರಡು ಕಾರಣ ಕೊಡ್ತಾನೆ. ಒಂದು, ಅಪಾರ ಒಳ್ಳೆತನದ ದೇವರಿದ್ರೆ ಕೆಟ್ಟದ್ದು ಇರಬಾರದಿತ್ತು, ಆದ್ರೆ ಇದೆ. ಇನ್ನೊಂದು, ಲೋಕದಲ್ಲಿ ನಡೆಯೋದನ್ನೆಲ್ಲ ಪ್ರಕೃತಿಯಿಂದಲೂ ಮನುಷ್ಯರ ಇಚ್ಛೆಯಿಂದಲೂ ವಿವರಿಸ್ಬಹುದು, ದೇವರನ್ನ ಮಧ್ಯೆ ತರೋ ಅಗತ್ಯವೇ ಇಲ್ಲ. ಏಳುನೂರೈವತ್ತು ವರ್ಷ ಆಯ್ತು, ಇವತ್ತಿನ ನಾಸ್ತಿಕರ ದೊಡ್ಡ ವಾದಗಳನ್ನ ತೆಗೆದು ನೋಡಿ, ಹೆಚ್ಚುಕಮ್ಮಿ ಇವೆರಡೇ.

ಇದೊಂದೇ ಅಲ್ಲ. ದೇವರಿಗೆ ಕೇಡನ್ನ ತಡೆಯೋ ಮನಸ್ಸಿದ್ದು ಶಕ್ತಿ ಇಲ್ವಾ, ಶಕ್ತಿ ಇದ್ದು ಮನಸ್ಸಿಲ್ವಾ, ಎರಡೂ ಇದ್ರೆ ಕೇಡು ಎಲ್ಲಿಂದ ಬಂತು ಅನ್ನೋ ಹಳೇ ಪ್ರಶ್ನೆ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನದ್ದು ಅಂತಾರಲ್ಲ, ಅದನ್ನ ಅವನ ಹೆಸರಲ್ಲಿ ನಮಗೆ ಉಳಿಸಿಕೊಟ್ಟಿದ್ದು ಲ್ಯಾಕ್ಟ್ಯಾಂಶಿಯಸ್, ನಾಲ್ಕನೇ ಶತಮಾನದ ಕ್ರೈಸ್ತ ಲೇಖಕ. ಹನ್ನೊಂದನೇ ಶತಮಾನದಲ್ಲಿ ಅನ್ಸೆಲ್ಮ್ ಅನ್ನೋ ಸಂನ್ಯಾಸಿ, ದೇವರು ಅಂದ್ರೆ ಅದಕ್ಕಿಂತ ದೊಡ್ಡದನ್ನ ಯೋಚಿಸೋಕೇ ಆಗದಂಥದ್ದು, ಹಾಗಾಗಿ ಅದು ಇರಲೇಬೇಕು ಅಂತ ವಾದ ಮಾಡಿದಾಗ, ಗೌನಿಲೋ ಅನ್ನೋ ಇನ್ನೊಬ್ಬ ಸಂನ್ಯಾಸಿನೇ, ಹಾಗಾದ್ರೆ ಅದಕ್ಕಿಂತ ಒಳ್ಳೇದು ಯೋಚಿಸೋಕಾಗದ ಒಂದು ದ್ವೀಪಾನೂ ಇರಲೇಬೇಕಲ್ಲ ಸ್ವಾಮಿ ಅಂತ ಕಾಲೆಳೆದ. ಅನ್ಸೆಲ್ಮ್ ಏನ್ ಮಾಡಿದ? ಗೌನಿಲೋ ಆಕ್ಷೇಪಾನೂ ತನ್ನ ಉತ್ತರಾನೂ ಎರಡನ್ನೂ ಪುಸ್ತಕದ ಜೊತೆಗೇ ನಕಲು ಮಾಡಿಸಬೇಕು ಅಂತ ಹೇಳಿದ. ಇವತ್ತು ನಾವು ಕಾಮೆಂಟ್ ಡಿಲೀಟ್ ಮಾಡ್ತೀವಿ, ಬ್ಲಾಕ್ ಮಾಡ್ತೀವಿ.

ಸರಿ, ಅಕ್ವಿನಾಸ್ ಬರೆದ ಎರಡನೇ ಆಕ್ಷೇಪ ಮೊದಲು ಮುಗಿಸ್ಬಿಡ್ತೀನಿ, ಅದರಲ್ಲಿ ನನಗೆ ಅಷ್ಟು ಭಯ ಇಲ್ಲ. ವಿಜ್ಞಾನ ವಿವರಿಸದೇ ಇರೋ ಜಾಗದಲ್ಲಿ ದೇವರನ್ನ ಕೂರಿಸೋ ಅಭ್ಯಾಸ ಇದೆಯಲ್ಲ, ಅದು ನಂಬೋರೇ ಮಾಡ್ಕೊಂಡ ಎಡವಟ್ಟು. ಗ್ರಹಗಳ ದಾರಿ ತಪ್ಪದ ಹಾಗೆ ಆಗಾಗ ದೇವರು ಸರಿ ಮಾಡ್ಬೇಕಾಗುತ್ತೆ ಅಂತ ನ್ಯೂಟನ್ ಅಂಥವನೇ ಅಂದ್ಕೊಂಡಿದ್ದ, ಆಮೇಲೆ ಬಂದವರು ಲೆಕ್ಕ ಹಾಕಿ ಅದರ ಅಗತ್ಯ ಇಲ್ಲ ಅಂದ್ರು, ದೇವರಿಗೆ ಒಂದು ಕೆಲಸ ಕಮ್ಮಿ ಆಯ್ತು. ಹಿಟ್ಲರ್‌ನ ಜೈಲಲ್ಲಿದ್ದ ಜರ್ಮನ್ ಪಾದ್ರಿ ಬೋನ್‌ಹೋಫರ್ 1944ರಲ್ಲಿ ಪತ್ರ ಬರೀತಾ ಇದನ್ನೇ ಹೇಳ್ತಾನೆ, ನಮಗೆ ಗೊತ್ತಿಲ್ಲದ ಕಡೆ ಅಲ್ಲ, ಗೊತ್ತಿರೋ ಕಡೆನೇ ದೇವರನ್ನ ಹುಡುಕ್ಬೇಕು ಅಂತ. ಇನ್ನು ಬಿಗ್ ಬ್ಯಾಂಗ್. ಅದರ ಬೀಜ ಹಾಕಿದವರಲ್ಲಿ ಮುಖ್ಯ ಹೆಸರು ಜಾರ್ಜ್ ಲೆಮೈತ್ರ್, ಬೆಲ್ಜಿಯಂನ ಕಥೋಲಿಕ ಪಾದ್ರಿ, ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದ, 1931ರಲ್ಲಿ ಈ ವಿಶ್ವ ಎಲ್ಲಾ ಶುರುವಾಗಿದ್ದು ಒಂದು ಆದಿ ಪರಮಾಣುವಿನಿಂದ ಅನ್ನೋ ವಿಚಾರ ಮುಂದಿಟ್ಟ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ನೋಡಿ ವಿಜ್ಞಾನವೇ ಸೃಷ್ಟಿಗೆ ಸಾಕ್ಷಿ ಹೇಳ್ತಿದೆ ಅನ್ನೋ ಧಾಟಿಯಲ್ಲಿ ಮಾತಾಡಿದಾಗ ಖುಷಿ ಪಡಬೇಕಾದ ಈ ಪಾದ್ರಿಗೆ ಇರುಸುಮುರುಸಾಯ್ತು, ಅವನಿಗೆ ಅದು ಫಿಸಿಕ್ಸ್, ಅಷ್ಟೇ, ದೇವರ ಪರವಾಗೂ ಬೇಡ ವಿರೋಧವಾಗೂ ಬೇಡ. ವಿಜ್ಞಾನ ಎಲ್ಲಾ ವಿವರಿಸಿದ್ರೂ ಏನಾದ್ರೂ ಇರೋದಾದ್ರೂ ಯಾಕೆ, ಏನೂ ಇಲ್ದೇ ಇರಬಹುದಿತ್ತಲ್ಲ ಅನ್ನೋ ಪ್ರಶ್ನೆ ಉಳಿಯುತ್ತೆ ಅಂತ ನಾನು ಅಂತೀನಿ, ಅದು ಉತ್ತರ ಬೇಕಾದ ಪ್ರಶ್ನೆನೇ ಅಲ್ಲ ಅಂತ ನಾಸ್ತಿಕರು ಅಂತಾರೆ. ಅಲ್ಲಿಗೆ ಅದು ನಿಲ್ಲುತ್ತೆ.

ಡಾರ್ವಿನ್‌ಗೂ ನಂಬಿಕೆ ಕಳೆದುಹೋಗಿದ್ದು ವಿಕಾಸವಾದ ಒಂದರಿಂದಲೇ ಅಂತ ಹೇಳೋದು ಅರ್ಧ ಕಥೆ. 1851ರಲ್ಲಿ ಹತ್ತು ವರ್ಷದ ಮಗಳು ಆನಿ ಕಣ್ಮುಂದೆ ತೀರ್ಕೊಂಡ್ಳು. 1860ರಲ್ಲಿ ಏಸಾ ಗ್ರೇ ಅನ್ನೋ ಅಮೆರಿಕದ ಸಸ್ಯಶಾಸ್ತ್ರಜ್ಞನಿಗೆ, ಆತ ದೇವಭಕ್ತ, ಡಾರ್ವಿನ್‌ನ ಪರವಾಗಿ ಬರೆದೋನೂ ಹೌದು, ಅವನಿಗೆ ಬರೆದ ಪತ್ರದಲ್ಲಿ ಒಂದು ಜಾತಿ ಕಣಜದ ಮಾತು ಬರುತ್ತೆ, ಜೀವಂತ ಕಂಬಳಿಹುಳದ ಮೈಯೊಳಗೆ ಇದ್ದು ಅದನ್ನೇ ತಿಂದು ಬೆಳೆಯೋ ಹುಳು, ದಯಾಮಯ ದೇವರು ಇಂಥದ್ದನ್ನ ಬೇಕಂತಲೇ ಮಾಡಿದ ಅಂತ ನಂಬೋಕೆ ನನಗಾಗಲ್ಲ ಅಂತಾನೆ. ನೋಡಿ, ಎರಡನೇ ಆಕ್ಷೇಪದಿಂದ ಹೊರಟೋನು ಕೊನೆಗೆ ಮೊದಲನೇದಕ್ಕೇ ಬಂದ.

ಆ ಮೊದಲನೇದಿದೆಯಲ್ಲ, ನೋವು, ಅದೇ ನಿಜವಾದ ಕಷ್ಟ.

1755ರ ನವೆಂಬರ್ 1. ಸಕಲ ಸಂತರ ಹಬ್ಬ. ಪೋರ್ಚುಗಲ್‌ನ ಲಿಸ್ಬನ್ ಊರಿನ ಜನ ಬೆಳಿಗ್ಗೆ ಬಲಿಪೂಜೆಗೆ ಅಂತ ಚರ್ಚುಗಳಲ್ಲಿ ತುಂಬಿದ್ದಾಗ ಭೂಕಂಪ ಆಯ್ತು, ಚರ್ಚುಗಳೇ ತಲೆ ಮೇಲೆ ಬಿದ್ವು, ನದಿ ದಡಕ್ಕೆ ಓಡಿದವರನ್ನ ಸಮುದ್ರದ ಅಲೆ ಎಳ್ಕೊಂಡು ಹೋಯ್ತು, ಉಳಿದಿದ್ದನ್ನ ದಿನಗಟ್ಟಲೆ ಬೆಂಕಿ ಸುಟ್ಟಿತು. ಸತ್ತವರು ಹತ್ತಾರು ಸಾವಿರ. ಈ ಲೋಕವೇ ಸಾಧ್ಯವಿರೋದರಲ್ಲೆಲ್ಲ ಅತ್ಯುತ್ತಮ ಲೋಕ ಅಂತ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ ಬರೆದಿದ್ದ ಮಾತನ್ನ ಫ್ರೆಂಚ್ ಲೇಖಕ ವೋಲ್ಟೇರ್ ಕವಿತೆ ಬರೆದು ತರಾಟೆಗೆ ತಗೊಂಡ. ನನಗೆ ಇದರಲ್ಲಿ ಹೆಚ್ಚು ಕಾಡೋದು ವೋಲ್ಟೇರ್ ಅಲ್ಲ, ಮಲಗ್ರಿಡ ಅನ್ನೋ ಜೆಸ್ವಿಟ್ ಪಾದ್ರಿ. ಇದು ಪ್ರಕೃತಿಯ ಕೆಲಸ ಅಲ್ಲ, ನಿಮ್ಮ ಪಾಪಕ್ಕೆ ದೇವರ ಶಿಕ್ಷೆ ಅಂತ ಆತ ಸಾರ್ಕೊಂಡು ಬಂದ, ಅಚ್ಚು ಹಾಕಿಸಿ ಹಂಚಿದ. ಅದೇ ಹೊತ್ತಿಗೆ ಮಂತ್ರಿ ಪೊಂಬಾಲ್‌ನ ಆಡಳಿತದಿಂದ ಊರೂರಿನ ಚರ್ಚುಗಳಿಗೆ ಒಂದು ಪ್ರಶ್ನೆಪಟ್ಟಿ ಹೋಯ್ತು, ನಡುಕ ಎಷ್ಟು ಹೊತ್ತಿತ್ತು, ಸಮುದ್ರ ಮೊದಲು ಏರ್ತಾ ಇಳೀತಾ, ಎಷ್ಟು ಜನ ಸತ್ರು ಅಂತ, ಅದನ್ನ ಕೂತ್ಕೊಂಡು ತುಂಬಿ ಕಳಿಸಿದೋರು ಆಯಾ ಊರಿನ ಪಾದ್ರಿಗಳೇ. ಮಲಗ್ರಿಡನೂ ಈ ಪಾದ್ರಿಗಳೂ ದೇವರನ್ನ ನಂಬೋರೇ. ನನ್ನ ಕೇಳಿದ್ರೆ ಆವತ್ತು ದೇವರ ಸೇವೆ ಮಾಡಿದ್ದು ಪಟ್ಟಿ ತುಂಬಿದೋರು.

ಯಾಕೆ ಹೀಗಂತೀನಿ ಅಂದ್ರೆ ಮಲಗ್ರಿಡನ ಥರ ಮಾತಾಡೋರಿಗೆ ಯೇಸು ಮೊದಲೇ ಉತ್ತರ ಕೊಟ್ಟಾಗಿತ್ತು. ಸಿಲೊವದಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ರು, ಅವರೇನು ಜೆರುಸಲೇಮಿನ ಬೇರೆಲ್ಲರಿಗಿಂತ ದೊಡ್ಡ ಪಾಪಿಗಳಾ, ಅಲ್ಲ ಅಂತ ಲೂಕನ ಸುವಾರ್ತೆಯಲ್ಲಿದೆ. ನೀವೂ ಮನಸ್ಸು ತಿರುಗಿಸ್ಕೊಳ್ಳಿ ಅಂತಾನೂ ಅಲ್ಲೇ ಇದೆ, ಅದನ್ನ ನಾನು ಮುಚ್ಚಿಡಲ್ಲ. ಹುಟ್ಟುಕುರುಡನ್ನ ನೋಡಿ ಶಿಷ್ಯರು, ಇವನು ಪಾಪ ಮಾಡಿದ್ನಾ ಇವನ ಅಪ್ಪ ಅಮ್ಮ ಮಾಡಿದ್ರಾ ಅಂದಾಗಲೂ ಯೇಸು ಇಬ್ಬರೂ ಅಲ್ಲ ಅಂದ. ಇಷ್ಟಾದ್ಮೇಲೂ ಆಸ್ಪತ್ರೆ ವಾರ್ಡಲ್ಲಿ ನಿಂತ್ಕೊಂಡು, ಯಾವುದಾದ್ರೂ ಪಾಪ ಅರಿಕೆ ಮಾಡೋದು ಬಾಕಿ ಇದೆಯೇನಮ್ಮ ನೋಡು ಅಂತ ರೋಗಿಗೆ ಹೇಳೋರಿದ್ದಾರೆ. ಇಂಥವರಿಂದ ನಂಬಿಕೆ ಬಿಟ್ಟವರು ನಾಸ್ತಿಕರ ಪುಸ್ತಕ ಓದಿ ಬಿಟ್ಟವರಿಗಿಂತ ಜಾಸ್ತಿ ಇರ್ತಾರೆ ಅಂತ ನನ್ನ ಅನುಮಾನ.

ಬೈಬಲ್‌ನಲ್ಲಿರೋ ಯೋಬನ ಪುಸ್ತಕ ಪೂರ್ತಿ ಈ ಜಗಳವೇ. ಆಸ್ತಿ ಹೋಯ್ತು, ಹತ್ತು ಮಕ್ಕಳು ಸತ್ರು, ಮೈಯೆಲ್ಲ ಹುಣ್ಣು. ಮೂರು ಜನ ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ಮಾತಾಡ್ದೇ ನೆಲದ ಮೇಲೆ ಕೂತ್ರು, ಅಲ್ಲೀವರೆಗೆ ಚೆನ್ನಾಗೇ ಇದ್ರು, ಆಮೇಲೆ ಬಾಯಿ ಬಿಟ್ರು ನೋಡಿ, ದೇವರು ಅನ್ಯಾಯ ಮಾಡಲ್ಲ, ಹಾಗಾಗಿ ನೀನೇ ಏನೋ ಮಾಡಿರ್ತೀಯ ಅಂತ ಅಧ್ಯಾಯಗಟ್ಟಲೆ ಕೊರೆದ್ರು. ಯೋಬ ಒಪ್ಪಲಿಲ್ಲ. ದೇವರನ್ನೇ ಕಟಕಟೆಗೆ ಕರೆದ, ಬಂದು ಉತ್ತರ ಕೊಡು ಅಂದ. ಕೊನೆಗೆ ಬಿರುಗಾಳಿಯೊಳಗಿಂದ ದೇವರು ಮಾತಾಡಿದಾಗಲೂ ಯಾಕೆ ಹೀಗಾಯ್ತು ಅನ್ನೋ ಕಾರಣ ಹೇಳಲ್ಲ, ನಾನು ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಅಂತ ತಿರುಗಿ ಕೇಳ್ತಾನೆ. ಅದನ್ನ ದಬಾಯಿಸೋದು ಅಂತ ಓದೋರಿದ್ದಾರೆ, ನಾನು ತಪ್ಪು ಅನ್ನಲ್ಲ. ಆದ್ರೆ ನಲವತ್ತೆರಡನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗೋದು ಯೋಬನ ಮೇಲೆ ಅಲ್ಲ, ಆ ಸ್ನೇಹಿತರ ಮೇಲೆ, ನನ್ನ ಸೇವಕನಾದ ಯೋಬ ಮಾತಾಡಿದ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತಾನೆ. ದೇವರ ಪರ ವಕಾಲತ್ತು ಮಾಡಿದೋರಿಗೆ ಬೈಗುಳ, ಜಗಳ ಆಡಿದೋನಿಗೆ ಶಭಾಸ್. ಕೊನೇಲಿ ಯೋಬನಿಗೆ ಮತ್ತೆ ಹತ್ತು ಮಕ್ಕಳಾದ್ರು ಅಂತ ಬರುತ್ತೆ, ಸತ್ತ ಮಕ್ಕಳ ಲೆಕ್ಕ ಹಾಗೆ ಸರಿಹೋಗುತ್ತಾ? ಆ ಭಾಗ ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯಲ್ಲ.

ತತ್ವಜ್ಞಾನಿಗಳು ಇದನ್ನ ಎಲ್ಲಿಗೆ ತಂದು ನಿಲ್ಸಿದ್ದಾರೆ ಅಂತಾನೂ ಹೇಳ್ಬೇಕು. 1955ರಲ್ಲಿ ಜೆ. ಎಲ್. ಮ್ಯಾಕಿ, ಸರ್ವಶಕ್ತ ಒಳ್ಳೇ ದೇವರು ಮತ್ತು ಕೇಡು ಎರಡೂ ಒಟ್ಟಿಗಿರೋದು ತರ್ಕಕ್ಕೇ ವಿರುದ್ಧ ಅಂದ. ಆಲ್ವಿನ್ ಪ್ಲಾಂಟಿಂಗ 1974ರಲ್ಲಿ, ನಿಜವಾದ ಸ್ವಾತಂತ್ರ್ಯ ಕೊಟ್ಟ ಮೇಲೆ ಕೇಡು ಆಗದ ಹಾಗೆ ನೋಡ್ಕೊಳ್ಳೋದು ದೇವರ ಕೈಲೂ ಇಲ್ದೇ ಇರಬಹುದು, ಹಾಗಾಗಿ ವಿರೋಧ ಇಲ್ಲ ಅಂತ ತೋರಿಸ್ದ, ಅದನ್ನ ಎಷ್ಟೋ ನಾಸ್ತಿಕ ತತ್ವಜ್ಞಾನಿಗಳೂ ಒಪ್ಪಿದ್ರು. ಆದ್ರೆ ಭೂಕಂಪಕ್ಕೆ ಯಾರ ಸ್ವಾತಂತ್ರ್ಯ ಕಾರಣ? 1979ರಲ್ಲಿ ವಿಲಿಯಂ ರೋ ಒಂದು ಉದಾಹರಣೆ ಕೊಟ್ಟ. ದೂರದ ಕಾಡಲ್ಲಿ ಸಿಡಿಲಿಗೆ ಬೆಂಕಿ ಹತ್ತಿ ಒಂದು ಜಿಂಕೆ ಮರಿ ಸುಟ್ಟು, ದಿನಗಟ್ಟಲೆ ಒದ್ದಾಡಿ ಸಾಯುತ್ತೆ, ಯಾರೂ ನೋಡಲ್ಲ, ಯಾರೂ ಪಾಠ ಕಲಿಯಲ್ಲ, ಅದರಿಂದ ಏನು ಒಳ್ಳೇದು? ದೇವರ ಕಾರಣ ನಮ್ಮ ತಲೆಗೆ ಎಟುಕಲ್ಲ ಅಂತ ನಮ್ಮ ಕಡೆಯೋರ ಉತ್ತರ. ತರ್ಕಕ್ಕೆ ಅದು ನಿಲ್ಲುತ್ತೆ, ಆದ್ರೆ ದೇವರ ಕಾರಣಗಳು ನಮಗೆ ಅಷ್ಟೊಂದು ಗೊತ್ತಾಗಲ್ಲ ಅಂದ್ರೆ, ಅವನು ಕೊಟ್ಟ ಮಾತು ಉಳಿಸ್ಕೊಳ್ತಾನೆ ಅಂತ ಮಾತ್ರ ಹೇಗೆ ಗೊತ್ತಾಯ್ತು ಅಂತ ಎದುರಿನವರು ಕೇಳ್ತಾರೆ, ಅದಕ್ಕೆ ಗಟ್ಟಿ ಉತ್ತರ ನಾನಿನ್ನೂ ಓದಿಲ್ಲ.

ಹಾಗಾದ್ರೆ ಕ್ರೈಸ್ತರ ಹತ್ರ ಇರೋದೇನು? ಶಿಲುಬೆ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ ಯೇಸು ಕೂಗಿದ್ದು ಬೈಬಲ್‌ನ ಇಪ್ಪತ್ತೆರಡನೇ ಕೀರ್ತನೆಯ ಮೊದಲ ಸಾಲು, ಅಂದ್ರೆ ಈ ಧರ್ಮದಲ್ಲಿ ದೇವರೇ ದೇವರನ್ನ ಎಲ್ಲಿದ್ದೀಯ ಅಂತ ಕೇಳ್ತಾನೆ. ನರಳೋ ದೇವರು ಮಾತ್ರ ಸಹಾಯ ಮಾಡಬಲ್ಲ ಅಂತ ಅದೇ ಬೋನ್‌ಹೋಫರ್ ಬರೆದ, 1945ರ ಏಪ್ರಿಲ್ 9ಕ್ಕೆ ಅವನನ್ನ ಗಲ್ಲಿಗೆ ಹಾಕಿದ್ರು. ಜೊತೆಗೆ ನರಳೋದು ನೋವಿಗೆ ಕಾರಣ ಹೇಳಿದ ಹಾಗಾಗಲ್ಲ, ಜಿಂಕೆ ಮರಿಗೆ ಅದರಿಂದ ಏನೂ ಆಗಲಿಲ್ಲ, ಗೊತ್ತು. ಆದ್ರೂ ನಾನು ನಂಬಿಕೇಲಿ ಉಳ್ಕೊಂಡಿದ್ರೆ ಅದಕ್ಕೇ ಹೊರತು ಅಕ್ವಿನಾಸ್‌ನ ಐದು ದಾರಿಗಲ್ಲ.

ಇನ್ನು ದೇವರ ಮೌನ. ನಿಜವಾಗಿ ಹುಡುಕೋರಿಗೂ ಯಾಕೆ ಕಾಣಿಸ್ಕೊಳ್ಳಲ್ಲ ಅಂತ ಶೆಲನ್‌ಬರ್ಗ್ ಅನ್ನೋ ಕೆನಡಾದ ತತ್ವಜ್ಞಾನಿ 1993ರಲ್ಲಿ ಇದನ್ನೇ ದೇವರಿಲ್ಲ ಅನ್ನೋದಕ್ಕೆ ಒಂದು ವಾದ ಮಾಡಿದ. 2007ರಲ್ಲಿ ಮದರ್ ತೆರೇಸಾ ಪತ್ರಗಳು ಹೊರಗೆ ಬಂದಾಗ, ದಶಕಗಟ್ಟಲೆ ಒಳಗೆ ಬರೀ ಕತ್ತಲೆ ಇತ್ತು ಅಂತ ಗೊತ್ತಾಯ್ತು, ಎಷ್ಟೋ ಜನಕ್ಕೆ ಶಾಕ್. ಎಂಬತ್ತೆಂಟನೇ ಕೀರ್ತನೆ ಓದಿದೋರಿಗೆ ಶಾಕ್ ಆಗಬೇಕಿರಲಿಲ್ಲ, ಅದು ಕತ್ತಲೆ ಅಂತಲೇ ಮುಗಿಯುತ್ತೆ, ಸಮಾಧಾನದ ಸಾಲೇ ಇಲ್ಲ.

ದೇವರು ನಮ್ಮ ಆಸೆಯ ನೆರಳು ಅಂತ ಮನೋವಿಶ್ಲೇಷಕ ಫ್ರಾಯ್ಡ್ ಹೇಳಿದ್ದಕ್ಕೆ ಹೆಚ್ಚು ಹೊತ್ತು ಬೇಡ, ಆಸೆ ಇದ್ದ ಮಾತ್ರಕ್ಕೆ ಇದೆ ಅಂತಾನೂ ಆಗಲ್ಲ, ಇಲ್ಲ ಅಂತಾನೂ ಆಗಲ್ಲ. ಆದ್ರೆ ಸಭೆಯೇ, ಅಂದ್ರೆ ಚರ್ಚೇ, ಮಾಡಿದ ಕೇಡಿನ ಮುಂದೆ ವಾದ ನಡೆಯಲ್ಲ. ಫ್ರಾನ್ಸ್‌ನಲ್ಲಿ 1950ರಿಂದ ಈಚೆಗೆ ಪಾದ್ರಿಗಳು ಮತ್ತು ಧಾರ್ಮಿಕ ಸಂಘದವರಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಸುಮಾರು 2,16,000 ಅಂತ 2021ರಲ್ಲಿ ಸ್ವತಂತ್ರ ಆಯೋಗವೊಂದು ಅಂದಾಜು ಕೊಟ್ಟಿತು. ಅಂಥವರಲ್ಲಿ ಒಬ್ಬರು ನನಗೆ ದೇವರು ಬೇಡ ಅಂದ್ರೆ ಪ್ಲಾಂಟಿಂಗನ ವಾದ ತೆಗೀಬೇಡಿ ದಯವಿಟ್ಟು.

ಕೊನೇದು, ಪುನರುತ್ಥಾನ, ಅಂದ್ರೆ ಯೇಸು ಸತ್ತು ಮತ್ತೆ ಎದ್ದು ಬಂದ ಅನ್ನೋದು. ಕ್ರಿಸ್ತ ಎದ್ದು ಬರಲಿಲ್ಲ ಅಂದ್ರೆ ನಿಮ್ಮ ನಂಬಿಕೆ ವ್ಯರ್ಥ ಅಂತ ಅಪೊಸ್ತಲ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ನೇರವಾಗೇ ಬರೆದ, ಶಿಲುಬೆಯ ಘಟನೆ ಆಗಿ ಹೆಚ್ಚುಕಮ್ಮಿ ಇಪ್ಪತ್ತೈದು ವರ್ಷಕ್ಕೆ, ಕಣ್ಣಾರೆ ಕಂಡೆವು ಅನ್ನೋರು ಎಷ್ಟೋ ಜನ ಇನ್ನೂ ಬದುಕಿದ್ದಾಗ. ಪವಾಡ ನಡೀತು ಅನ್ನೋದಕ್ಕಿಂತ ಹೇಳಿದೋರು ಮೋಸ ಹೋದ್ರು ಅನ್ನೋದೇ ಯಾವಾಗಲೂ ಹೆಚ್ಚು ಸಂಭವ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ 1748ರಲ್ಲಿ ಬರೆದಿದ್ದು ಇದಕ್ಕೂ ತಾಗುತ್ತೆ. ನಾನು ಪೌಲನ ಕಡೆ ನಿಲ್ತೀನಿ, ಲ್ಯಾಬಲ್ಲಿ ತೋರಿಸೋಕಾಗಲ್ಲ. ಸುಳ್ಳಾದ್ರೆ ವ್ಯರ್ಥ ಅಂತ ಅವನೇ ಒಪ್ಪಿರೋದ್ರಿಂದ, ಸುಳ್ಳೇ ಇರಬಹುದು ಅಂತ ಕೇಳೋರನ್ನ ಬಾಯಿ ಮುಚ್ಚಿಸೋ ಹಕ್ಕು ನನಗಂತೂ ಇಲ್ಲ. ನಮಸ್ಕಾರ.