ಸಿಡ್ನಿ ಕೊಲ್ಲಿಯ ಮೊದಲ ಬೆಳೆ

ಕೇಳುಗರಿಗೆ ನಮಸ್ಕಾರ.

ಯುರೋಪಿನವರು ಆಸ್ಟ್ರೇಲಿಯದ ನೆಲದಲ್ಲಿ ಕಾಲಿಟ್ಟ ಮೊದಲ ದಾಖಲೆ 1606ರದ್ದು. ಡಚ್ ನಾವಿಕ ವಿಲೆಮ್ ಯಾನ್ಸ್‌ಜೂನ್ ಆ ವರ್ಷ ಉತ್ತರದ ಕೇಪ್ ಯಾರ್ಕ್ ಕರಾವಳಿಗೆ ಬಂದ. 1770ರಲ್ಲಿ ಜೇಮ್ಸ್ ಕುಕ್ ಪೂರ್ವದ ಬಾಟನಿ ಕೊಲ್ಲಿಯಲ್ಲಿ ಲಂಗರು ಹಾಕಿ, ಒಂದು ವಾರವಿದ್ದು ಮುಂದೆ ಹೋದ. ಆದರೆ ಬಂದು ಹೋಗುವುದು ಬೇರೆ, ಬಂದು ನೆಲೆ ನಿಲ್ಲುವುದು ಬೇರೆ. ನೆಲೆ ನಿಲ್ಲಲು ಮೊದಲು ಬೇಕಾದದ್ದು ಅನ್ನ. ಅದು ಎಷ್ಟು ಕಷ್ಟದಿಂದ ಹುಟ್ಟಿತು ಎಂಬುದೇ ಇಂದಿನ ವಿಷಯ.

1787ರ ಮೇ 13ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ 11 ಹಡಗುಗಳು ಹೊರಟವು. ನಾಯಕ ಆರ್ಥರ್ ಫಿಲಿಪ್. ಹಡಗುಗಳಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಡೀಪಾರಾದ ಕೈದಿಗಳು. ಟೆನೆರಿಫ್, ರಿಯೊ, ಆಫ್ರಿಕದ ದಕ್ಷಿಣ ತುದಿಯ ಕೇಪ್ ದಾಟಿ ಬಾಟನಿ ಕೊಲ್ಲಿ ಸೇರುವಷ್ಟರಲ್ಲಿ ಎಂಟು ತಿಂಗಳು ಕಳೆದಿದ್ದವು. ಕುಕ್ ಬಂದಾಗ ಅಲ್ಲಿ ಶರತ್ಕಾಲ, ಫಿಲಿಪ್ ಬಂದಾಗ ನಡುಬೇಸಗೆ. ಕೊಲ್ಲಿಯಲ್ಲಿ ನೀರಿನ ಆಳ ಸಾಲದು, ಪೂರ್ವದ ಗಾಳಿಗೆ ಮರೆಯಿಲ್ಲ, ಕುಡಿಯುವ ನೀರೂ ಕಡಿಮೆ. ಫಿಲಿಪ್ ದೋಣಿಗಳಲ್ಲಿ ಉತ್ತರಕ್ಕೆ ಹೋಗಿ ಪೋರ್ಟ್ ಜಾಕ್ಸನ್ ನೋಡಿದ. ಅಲ್ಲಿನ ಒಂದು ಚಿಕ್ಕ ಕೊಲ್ಲಿಯಲ್ಲಿ ಸಿಹಿನೀರಿನ ಹಳ್ಳವಿತ್ತು, ಹಡಗು ದಡದ ಹತ್ತಿರವೇ ನಿಲ್ಲುವಷ್ಟು ಆಳವಿತ್ತು. 1788ರ ಜನವರಿ 26ರಂದು ಅಲ್ಲಿ ಇಳಿದರು. ಅದೇ ಸಿಡ್ನಿ ಕೊಲ್ಲಿ.

ಉಗ್ರಾಣದಿಂದ ವಾರವಾರ ಪಡಿ. ಒಬ್ಬ ಗಂಡಸಿಗೆ 7 ಪೌಂಡು ಹಿಟ್ಟು ಅಥವಾ ಬ್ರೆಡ್ಡು, 7 ಪೌಂಡು ಉಪ್ಪು ಹಾಕಿದ ದನದ ಮಾಂಸ ಇಲ್ಲವೇ 4 ಪೌಂಡು ಹಂದಿಮಾಂಸ, ಮೂರು ಪೈಂಟ್ ಬಟಾಣಿ, ಒಂದಿಷ್ಟು ಬೆಣ್ಣೆ. ಹೆಂಗಸರಿಗೆ ಇದರ ಮೂರರಲ್ಲಿ ಎರಡು ಪಾಲು. ತಂದ ಸಾಮಾನು ಮುಗಿಯುವುದರೊಳಗೆ ಬೆಳೆ ಕೈಗೆ ಬರುತ್ತದೆಂಬ ಲೆಕ್ಕಾಚಾರವಿತ್ತು.

ಅದು ಹಲವು ಕಡೆ ಒಟ್ಟಿಗೇ ತಪ್ಪಿತು. ಬಿತ್ತನೆ ಗೋಧಿ ಹಡಗಿನ ಹೊಟ್ಟೆಯಲ್ಲಿ ಬೆಂದು ಮೊಳೆಯುವ ಶಕ್ತಿ ಕಳೆದುಕೊಂಡಿತ್ತು, ಉಳಿದ ಕಾಳಿಗೆ ಮೂತಿಹುಳ ಬಿದ್ದಿತ್ತು. ಕೊಲ್ಲಿಯ ಸುತ್ತ ಮರಳು ಮಣ್ಣು. ಮರಗಳೋ ಕಬ್ಬಿಣದಷ್ಟು ಗಟ್ಟಿ, ಕೊಡಲಿಗಳು ಕಳಪೆ. ಒಕ್ಕಲುತನ ಬಲ್ಲವರು ಬೆರಳೆಣಿಕೆಯಷ್ಟು. ಇದರ ಮೇಲೆ, ಕೇಪ್‌ನಲ್ಲಿ ಕೊಂಡು ತಂದ ಹಸು ಹೋರಿಗಳು 1788ರ ನಡುವಿನಲ್ಲೇ ಕಾಡಿಗೆ ತಪ್ಪಿಸಿಕೊಂಡವು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ನಷ್ಟ ಇದೇ. ದನವಿಲ್ಲವೆಂದರೆ ಉಳುಮೆಯಿಲ್ಲ, ಗೊಬ್ಬರವಿಲ್ಲ; ಬಡ ಮಣ್ಣಿಗೆ ಗೊಬ್ಬರವಿಲ್ಲವೆಂದರೆ ಬೆಳೆಯೂ ಇಲ್ಲ. (ಏಳು ವರ್ಷದ ಮೇಲೆ, 1795ರಲ್ಲಿ, ಆ ದನಗಳ ಸಂತತಿ ದೊಡ್ಡ ಹಿಂಡಾಗಿ ನೈಋತ್ಯದ ಹುಲ್ಲುಗಾವಲಿನಲ್ಲಿ ಸಿಕ್ಕಿತು.)

1788ರ ಕೊನೆಗೆ ಒಳನಾಡಿನ ರೋಸ್ ಹಿಲ್‌ನಲ್ಲಿ, ಅಂದರೆ ಇಂದಿನ ಪ್ಯಾರಮ್ಯಾಟದಲ್ಲಿ, ಸರಕಾರಿ ಹೊಲ ತೆರೆದರು. ಮರುವರ್ಷದ ಡಿಸೆಂಬರಿನಲ್ಲಿ ಸುಮಾರು 200 ಬುಷೆಲ್ ಗೋಧಿ, ನಮ್ಮ ಲೆಕ್ಕದಲ್ಲಿ 54 ಕ್ವಿಂಟಲ್‌ನಷ್ಟು, ಬಂತು. ಹಸಿದ ಜನ ಅದನ್ನು ತಿನ್ನುವಂತಿರಲಿಲ್ಲ, ಬಿತ್ತನೆಗೆ ಎತ್ತಿಡಬೇಕಿತ್ತು.

ಅದೇ ಡಿಸೆಂಬರಿನಲ್ಲಿ ಸಾಮಾನು ಹೊತ್ತು ಬರುತ್ತಿದ್ದ ಗಾರ್ಡಿಯನ್ ಹಡಗು ಹಿಮಬಂಡೆಗೆ ಬಡಿಯಿತು. 1790ರ ಮಾರ್ಚ್‌ನಲ್ಲಿ ವಸಾಹತಿನ ಸಿರಿಯಸ್ ಹಡಗು ನಾರ್ಫೋಕ್ ದ್ವೀಪದಲ್ಲಿ ಒಡೆದುಹೋಯಿತು. ಏಪ್ರಿಲ್‌ನಲ್ಲಿ ಪಡಿ ವಾರಕ್ಕೆ ಎರಡೂವರೆ ಪೌಂಡು ಹಿಟ್ಟು, ಎರಡು ಪೌಂಡು ಹಂದಿಮಾಂಸ, ಎರಡು ಪೌಂಡು ಅಕ್ಕಿಗೆ ಇಳಿಯಿತು. ಗವರ್ನರ್ ಫಿಲಿಪ್‌ಗೂ ಕೈದಿಗೂ ಅಷ್ಟೇ. ಉಪ್ಪಿನಲ್ಲಿ ಮೂರು ನಾಲ್ಕು ವರ್ಷ ಕೂತ ಆ ಮಾಂಸ ಬೇಯಿಸಿದರೆ ಅರ್ಧಕ್ಕೆ ಕುಗ್ಗುತ್ತಿತ್ತಂತೆ. ಹಾಗಾಗಿ ಬೇಯಿಸುವುದನ್ನು ಬಿಟ್ಟು, ದಿನದ ತುಂಡನ್ನು ಫೋರ್ಕಿಗೆ ಸಿಕ್ಕಿಸಿ ಬೆಂಕಿಯೆದುರು ಹಿಡಿದು, ತೊಟ್ಟಿಕ್ಕುವ ಕೊಬ್ಬನ್ನು ಕೆಳಗಿಟ್ಟ ಅನ್ನಕ್ಕೆ ಬೀಳಿಸಿಕೊಂಡು ಉಣ್ಣುತ್ತಿದ್ದೆವೆಂದು ಸೇನಾಧಿಕಾರಿ ವಾಟ್ಕಿನ್ ಟೆಂಚ್ ಬರೆದಿಟ್ಟಿದ್ದಾನೆ. ಅಕ್ಕಿಯ ಕಾಳು ಕಾಳಿನಲ್ಲೂ ಹುಳು.

ಈ ಹಸಿವು ಖಾಲಿ ನಾಡಿನಲ್ಲಿ ನಡೆದದ್ದಲ್ಲ. ಗ್ಯಾಡಿಗಲ್ ಜನ ಅದೇ ಕೊಲ್ಲಿಯಲ್ಲಿ ತಲೆತಲಾಂತರದಿಂದ ಬದುಕಿದ್ದರು. ಅವರ ಹೆಂಗಸರು ಚಿಪ್ಪು ತೇಯ್ದು ಗಾಳ ಮಾಡಿ, ತೊಗಟೆಯ ನಾರು ಹೊಸೆದು ದಾರ ಮಾಡಿ, ತೊಗಟೆಯ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದರು. ದೋಣಿಯೊಳಗೆ ಜೇಡಿಮಣ್ಣಿನ ಮೇಲೆ ಸಣ್ಣ ಬೆಂಕಿ. ಹಿಡಿದ ಮೀನು ಅಲ್ಲೇ ಸುಡಬಹುದು. ಹಡಗಿನವರು ದೊಡ್ಡ ಬಲೆ ಬೀಸಿ ರಾಶಿ ರಾಶಿ ಮೀನೆಳೆದಾಗ ಅವರು ಸಿಟ್ಟಾದದ್ದು ಸಹಜ. 1789ರ ಏಪ್ರಿಲ್‌ನಲ್ಲಿ ಸಿಡುಬು ಹಬ್ಬಿತು. ಸುತ್ತಮುತ್ತಲ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರೆಂದು ಅವರಲ್ಲೊಬ್ಬನಾದ ಬೆನೆಲಾಂಗ್ ಫಿಲಿಪ್‌ಗೆ ಹೇಳಿದ.

ಇನ್ನು ಜೇಮ್ಸ್ ರೂಸ್. ಕಾರ್ನ್‌ವಾಲ್ ಕಡೆಯ ಈ ಕೈದಿಗೆ 1789ರ ನವೆಂಬರಿನಲ್ಲಿ ಫಿಲಿಪ್ ರೋಸ್ ಹಿಲ್‌ನಲ್ಲಿ ನೆಲ ಕೊಟ್ಟು ಪರೀಕ್ಷೆಗಿಟ್ಟ. ಮೊದಲಿಗೆ ಕಡಿದು ಹಸನಾದದ್ದು ಒಂದೂವರೆ ಎಕರೆ. ರೂಸ್ ಮಾಡಿದ ಕ್ರಮವನ್ನು ರೈತರು ಗಮನಿಸಿ ಕೇಳಬೇಕು. ಬಿದ್ದ ಮರ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಿದ. ದಿನಕ್ಕೆ ಎಂಟು ಒಂಬತ್ತು ರಾಡ್, ಅಂದರೆ ಸುಮಾರು ಎರಡು ಗುಂಟೆ, ಅದಕ್ಕಿಂತ ಹೆಚ್ಚು ಅಗೆಯಲಿಲ್ಲ. ಸರಕಾರಿ ಹೊಲದಲ್ಲಿ ಮೇಲುಮೇಲಕ್ಕೆ ಕೆರೆದು ಮುಗಿಸುತ್ತಿದ್ದರು. ಈತ ಆಳಕ್ಕೆ ಅಗೆದು, ಹೆಂಟೆ ಒಡೆದು, ಹುಲ್ಲು ಕಳೆಯನ್ನು ಒಳಗೇ ಹೂಳಿದ. ಆಮೇಲೆ ಸಾಧ್ಯವಾದಷ್ಟು ದಿನ ಗಾಳಿ ಬಿಸಿಲಿಗೆ ಬಿಟ್ಟು, ಬಿತ್ತನೆಗೆ ಮುಂಚೆ ಇನ್ನೊಮ್ಮೆ ತಿರುವಿ ಹಾಕಿದ. ಕೊಯ್ಲಾದ ಮೇಲೆ ಟರ್ನಿಪ್ ಹಾಕಿ ಮಣ್ಣು ಸಡಿಲಿಸಿಕೊಳ್ಳುವುದು, ಹುಲ್ಲನ್ನು ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡುವುದು ಆತನ ಮುಂದಿನ ಯೋಜನೆ. ಜೊತೆಗಿದ್ದದ್ದು ಹೆಂಡತಿ ಮಾತ್ರ. ದನವಿಲ್ಲದ ನಾಡಿನಲ್ಲಿ ಗೊಬ್ಬರದ ಕೊರತೆ ನೀಗಲು ಇದಕ್ಕಿಂತ ವಿವೇಕದ ದಾರಿ ಇರಲಿಲ್ಲ. 1791ರ ಫೆಬ್ರುವರಿಯಲ್ಲಿ, ಇನ್ನು ನನಗೆ ಉಗ್ರಾಣದ ಪಡಿ ಬೇಡ ಎಂದು ರೂಸ್ ಹೇಳಿದ. ಆ ವರ್ಷವೇ 30 ಎಕರೆಯ ಹಕ್ಕುಪತ್ರ ಸಿಕ್ಕಿತು.

ಆದರೂ ವಸಾಹತು ಹೊರಗಿನ ಕಾಳಿಗೆ ಕಾಯುವುದು ತಪ್ಪಲಿಲ್ಲ. 1792ರ ಜೂನ್‌ನಲ್ಲಿ ಅಟ್ಲಾಂಟಿಕ್ ಹಡಗು ಕಲ್ಕತ್ತೆಯಿಂದ ಅಕ್ಕಿ, ರವೆ, ಬೇಳೆ ತಂದಿತು. ಸಿಡ್ನಿಯ ಉಗ್ರಾಣದಲ್ಲಿ ನಮ್ಮ ದೇಶದ ರವೆ, ಬೇಳೆ!

1793ರಲ್ಲಿ ರೂಸ್ ಆ ಹೊಲ ಮಾರಿ, ಮುಂದೆ ಹಾಕ್ಸ್‌ಬರಿ ನದಿಯ ಮೆಕ್ಕಲು ದಂಡೆಗೆ ಹೋದ. ಅಲ್ಲಿ ಮುಸುಕಿನ ಜೋಳ ಹುಲುಸಾಗಿ ಬಂತು. ಆ ದಂಡೆಯಲ್ಲೇ ಅಲ್ಲಿನ ಮೂಲನಿವಾಸಿಗಳಾದ ಡಾರಗ್ ಜನ ಅಗೆದು ತಿನ್ನುತ್ತಿದ್ದ ಕಾಡುಗೆಣಸಿನ ಜಾಗಗಳಿದ್ದವು. ಜೋಳ ಬಿತ್ತಿದ್ದರಿಂದ ಗೆಣಸು ಹೋಯಿತು. ಜೋಳ ಬಲಿತಾಗ ಡಾರಗ್ ಜನ ಬಂದು ತೆನೆ ಕಿತ್ತರು. ಒಕ್ಕಲಿಗರು ಬಂದೂಕು ಎತ್ತಿದರು. 1795ರಲ್ಲಿ ಸರಕಾರ ಆ ನದಿಗೆ ಸೈನ್ಯವನ್ನೇ ಕಳಿಸಿತು.