ಚಹಾ ಅಂಗಡಿ ವೈಫೈಗೆ ನಿಮ್ಮ ಗುರುತು ಹೇಳುವವರು ಯಾರು?

[ದೃಶ್ಯ: ಹುಬ್ಬಳ್ಳಿ ರೈಲು ನಿಲ್ದಾಣ]

ನಮಸ್ಕಾರ. 1507 ಮೀಟರ್ ಉದ್ದದ ಈ ಪ್ಲಾಟ್‌ಫಾರ್ಮ್ ಮೇಲೆ ಫೋನ್ ತೆಗೆದರೆ ರೈಲ್‌ವೈರ್ ವೈಫೈ ಸಿಗುತ್ತದೆ. ಅದು ಮೊಬೈಲ್ ನಂಬರ್ ಕೇಳುತ್ತದೆ. ಒಟಿಪಿ ಹಾಕಿದ ಮೇಲೇ ಇಂಟರ್ನೆಟ್. ಸಾರ್ವಜನಿಕ ವೈಫೈ ಬಳಸಿದವರು ಯಾರು ಎಂಬ ದಾಖಲೆ ಇರಬೇಕು ಅನ್ನುವುದು ಸರ್ಕಾರದ ನಿಯಮ. ಇಲ್ಲಿ ಆ ಕೆಲಸಕ್ಕೆ ರೈಲ್‌ಟೆಲ್ ಇದೆ, ರೈಲ್ವೆಯದೇ ಕಂಪನಿ.

[ದೃಶ್ಯ: ಧಾರವಾಡ, ಸಪ್ತಾಪುರ. ಕೋಚಿಂಗ್ ಸೆಂಟರ್ ಪಕ್ಕದ ಚಹಾ ಅಂಗಡಿ]

ಆದರೆ ಈ ಅಂಗಡಿಯವರು ಒಟಿಪಿ ಕಳಿಸುವುದು, ದಾಖಲೆ ಇಡುವುದು ಆಗುವ ಮಾತಾ? ಅದಕ್ಕೇ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆ ಬಂತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಕೆಲಸವನ್ನು ಹಂಚಿದ್ದಾರೆ.

ವೈಫೈ ಪೆಟ್ಟಿಗೆ ಇಡುವ ಅಂಗಡಿಯವರು ಪಿಡಿಒ. ಪಂಚಾಯ್ತಿ ಪಿಡಿಒ ಅಲ್ಲ, ಇದು ಪಬ್ಲಿಕ್ ಡೇಟಾ ಆಫೀಸ್. ಇವರಿಗೆ ಲೈಸೆನ್ಸ್ ಬೇಡ, ನೋಂದಣಿ ಬೇಡ, ಶುಲ್ಕವೂ ಇಲ್ಲ. ನನಗೆ ಈ ಯೋಜನೆಯಲ್ಲಿ ತುಂಬಾ ಹಿಡಿಸಿದ್ದು ಇದೇ. ಇಂಥ ಹಲವು ಅಂಗಡಿಗಳನ್ನು ಒಟ್ಟುಗೂಡಿಸಿ ಲಾಗಿನ್, ಲೆಕ್ಕಪತ್ರ ನೋಡಿಕೊಳ್ಳುವ ಕಂಪನಿ ಪಿಡಿಒಎ, ಅಂದರೆ ಪಿಡಿಒ ಅಗ್ರಿಗೇಟರ್. ಬಳಸುವವರ ಗುರುತು ಖಾತ್ರಿ ಮಾಡುವುದು ಆ್ಯಪ್ ಕಂಪನಿ. ಈ ಎರಡೂ ದೂರಸಂಪರ್ಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಅವುಗಳ ಪಟ್ಟಿಯನ್ನು ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಇಟ್ಟುಕೊಂಡಿರುತ್ತದೆ.

[ಗ್ರಾಫಿಕ್: ಫೋನ್, ಅಂಗಡಿ, ಎರಡು ಕಂಪನಿ, ನಡುವೆ ಬಾಣಗಳು]

ಈಗ ನೋಡಿ. ಆ್ಯಪ್‌ನಲ್ಲಿ ಒಟಿಪಿ ಕೊಟ್ಟು ಒಮ್ಮೆ ಹೆಸರು ಹಚ್ಚುತ್ತೀರಿ. ಅಂಗಡಿ ಹತ್ತಿರ ಬಂದಾಗ ಆ್ಯಪ್ ಸುತ್ತಲಿನ ವೈಫೈ ಹೆಸರುಗಳನ್ನು ಯೋಜನೆಯ ವೈಫೈಗಳ ಪಟ್ಟಿಯ ಜೊತೆ ಹೋಲಿಸಿ, ಅದರಲ್ಲಿ ಸೇರಿದ್ದನ್ನಷ್ಟೇ ತೋರಿಸುತ್ತದೆ. ನೀವು ಒಂದನ್ನು ಆರಿಸಿದರೆ ಫೋನಿನಿಂದ ಒಂದು ಟೋಕನ್, ಅಂದರೆ ಗುರುತಿನ ಚೀಟಿಯಂಥ ಡಿಜಿಟಲ್ ಸಂಕೇತ, ಪಿಡಿಒಎಗೆ ಹೋಗುತ್ತದೆ. ಅವರು ಅದನ್ನು ಆ್ಯಪ್ ಕಂಪನಿಗೆ ಕಳಿಸಿ ಕೇಳುತ್ತಾರೆ, ಇವರು ನಿಮ್ಮವರಾ ಅಂತ. ಉತ್ತರ ಡಿಜಿಟಲ್ ಸಹಿಯೊಂದಿಗೆ ಬರುತ್ತದೆ. ಸಿ-ಡಾಟ್ ಪಟ್ಟಿಯಲ್ಲಿರುವ ಆ ಕಂಪನಿಯ ಡಿಜಿಟಲ್ ಕೀ ಹಚ್ಚಿ ನೋಡಿದರೆ ಆ ಸಹಿ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಸರಿಯಿದ್ದರೆ ಪ್ಯಾಕ್ ಆರಿಸಿ ಇಂಟರ್ನೆಟ್ ಬಳಸಬಹುದು.

ಇಷ್ಟರಲ್ಲಿ ಅಂಗಡಿಯವರು ನಿಮ್ಮ ಆಧಾರ್ ಕೇಳಲಿಲ್ಲ, ನಂಬರ್ ಬರೆದುಕೊಳ್ಳಲಿಲ್ಲ, ಅಲ್ವಾ? ಕೋಚಿಂಗ್‌ಗೆ ಬಂದ ಹುಡುಗಿಯರು ಅಪರಿಚಿತ ಅಂಗಡಿಯಲ್ಲಿ ನಂಬರ್ ಕೊಡಬೇಕಾಗಿಲ್ಲ. ಇದು ಸಣ್ಣ ವಿಷಯವಲ್ಲ. ಗದಗದಲ್ಲಿ ಹಾಕಿಕೊಂಡ ಆ್ಯಪ್ ಹಾವೇರಿಯಲ್ಲಿ ನಡೆಯುತ್ತದಾ ಅಂದರೆ, ಹೌದು. ಅಲ್ಲಿ ಪಿಡಿಒಎ ಬೇರೆಯಾಗಿದ್ದರೂ ನಡೆಯಬೇಕು ಅಂತಲೇ ಇದನ್ನು ಹೀಗೆ ಕಟ್ಟಿದ್ದು.

ಅಂಗಡಿಯವರ ಕಷ್ಟ ಇದ್ದದ್ದು ಬ್ರಾಡ್‌ಬ್ಯಾಂಡ್ ದರದಲ್ಲಿ. ಒಬ್ಬರಿಗೇ ಮೀಸಲಾದ ದುಬಾರಿ ಲೀಸ್ಡ್ ಲೈನ್ ತಗೊಂಡರೆ ಚಹಾ ಮಾರಿದ ಲಾಭವೂ ಹೋಗುತ್ತಿತ್ತು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಿತಿ ಹಾಕಿತು: 200 ಎಂಬಿಪಿಎಸ್‌ವರೆಗಿನ ಫೈಬರ್ ಪ್ಲಾನ್‌ಗೆ ಮನೆಯವರು ಕೊಡುವ ದರದ ಎರಡು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ನಿಮ್ಮದೂ ಅಂಗಡಿ ಇದ್ದರೆ, ಪಿಡಿಒಎ ಜೊತೆ ಮಾತಾಡುವಾಗ ಪ್ಯಾಕ್ ಹಣದಲ್ಲಿ ನಿಮ್ಮ ಪಾಲು ಎಷ್ಟು ಅನ್ನುವುದನ್ನು ಬರಹದಲ್ಲೇ ತಗೊಳ್ಳಿ.